ಅಮೆರಿಕದಲ್ಲಿ ಮನೆ ಹಿಡಿಯುವ ಮುನ್ನ ಶಾಲೆಯ ಗಡಿ ನೋಡಿ

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆಯಂತೆ ಎಂದು ಕೇಳಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನಲ್ಲಿ ಮನೆ ಹಿಡಿದರೆ ಕೆಲಸ ಕೆಟ್ಟಿತು. ಆ ಡಿಸ್ಟ್ರಿಕ್ಟಿನ ಒಂದು ಶಾಲೆಯೂ ಫ್ರೀಮಾಂಟ್ ಊರಿನಲ್ಲಿಲ್ಲ. ಅದರ ಐದು ಹೈಸ್ಕೂಲುಗಳಾದ ಕುಪರ್ಟಿನೋ, ಮೋಂಟಾ ವಿಸ್ಟಾ, ಹೋಮ್‌ಸ್ಟೆಡ್, ಲಿನ್‌ಬ್ರೂಕ್ ಮತ್ತು ಫ್ರೀಮಾಂಟ್ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಇನ್ನೊಂದು ಬದಿಯ ಕುಪರ್ಟಿನೋ, ಸನ್ನಿವೇಲ್, ಸ್ಯಾನ್ ಹೋಸೆ ಊರುಗಳಲ್ಲಿ. ಫ್ರೀಮಾಂಟ್ ಹೆಸರಿನ ಹೈಸ್ಕೂಲು ಕೂಡ ಸನ್ನಿವೇಲಿನಲ್ಲಿದೆ. ಫ್ರೀಮಾಂಟ್ ಊರಿನದು ಬೇರೆಯೇ ಡಿಸ್ಟ್ರಿಕ್ಟ್, ಹೆಸರು ಫ್ರೀಮಾಂಟ್ ಯೂನಿಫೈಡ್.

ಇಂಥ ಗೊಂದಲ ಏಕೆ ಹುಟ್ಟುತ್ತದೆ ಎಂದು ತಿಳಿಯಲು ಆ ವ್ಯವಸ್ಥೆಯ ಬುಡ ನೋಡಬೇಕು. ಬೆಂಗಳೂರಿನಲ್ಲಿ ಮಗುವನ್ನು ಖಾಸಗಿ ಶಾಲೆಗೆ ಸೇರಿಸುವಾಗ ಮೊದಲು ಶಾಲೆ ನೋಡುತ್ತೇವೆ, ಅರ್ಜಿ ಹಾಕುತ್ತೇವೆ, ಫೀಸು ಕಟ್ಟುತ್ತೇವೆ. ಮನೆ ಜಯನಗರದಲ್ಲಿ, ಶಾಲೆ ಕನಕಪುರ ರಸ್ತೆಯ ಆ ತುದಿಯಲ್ಲಿದ್ದರೂ ಸ್ಕೂಲ್ ವ್ಯಾನ್ ಬರುತ್ತದೆ. ಅಮೆರಿಕದಲ್ಲಿ ಇದು ತಲೆಕೆಳಗು. ಅಲ್ಲಿ ಬಹುಪಾಲು ಮಕ್ಕಳು, ನಮ್ಮ ಸಾಫ್ಟ್‌ವೇರ್ ಮಂದಿಯ ಮಕ್ಕಳೂ ಸೇರಿದಂತೆ, ಫೀಸಿಲ್ಲದ ಸರ್ಕಾರಿ ಶಾಲೆಗೇ ಹೋಗುತ್ತಾರೆ. ಯಾವ ಶಾಲೆ ಎಂಬುದನ್ನು ಮನೆಯ ವಿಳಾಸ ತೀರ್ಮಾನಿಸುತ್ತದೆ. ಆದ್ದರಿಂದ ಮನೆ ಹುಡುಕುವುದು ಮತ್ತು ಶಾಲೆ ಹುಡುಕುವುದು ಅಲ್ಲಿ ಎರಡು ಕೆಲಸವಲ್ಲ.

ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ಶಾಲೆಗಳಿಗಾಗಿಯೇ ಇರುವ ಒಂದು ಸ್ಥಳೀಯ ಆಡಳಿತ. ನಮ್ಮಲ್ಲಿ ಬಿಇಒ, ಡಿಡಿಪಿಐ ಕಚೇರಿಗಳು ರಾಜ್ಯ ಸರ್ಕಾರದ ಕೈಗಳು. ಅಲ್ಲಿ ಹಾಗಲ್ಲ. ಹೆಚ್ಚಿನ ಕಡೆ ಜನ ಮತ ಹಾಕಿ ಶಾಲಾ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ಒಬ್ಬ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಶಿಕ್ಷಕರ ನೇಮಕದಿಂದ ರಜೆಯ ಪಟ್ಟಿಯವರೆಗೆ ಎಲ್ಲವೂ ಅಲ್ಲೇ ನಿರ್ಧಾರವಾಗುತ್ತದೆ. ದೇಶದಲ್ಲಿ ಇಂಥವು ಸುಮಾರು 13,000 ಇವೆ. ಹವಾಯಿ ರಾಜ್ಯಕ್ಕೆಲ್ಲ ಸೇರಿ ಒಂದೇ ಒಂದು. ಮೇರಿಲ್ಯಾಂಡಿನಲ್ಲಿ ಕೌಂಟಿಗೊಂದರಂತೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು), ಬಾಲ್ಟಿಮೋರ್ ನಗರವೂ ಸೇರಿ 24. ಅದಕ್ಕಿಂತ ಚಿಕ್ಕದಾದ ನ್ಯೂಜೆರ್ಸಿಯಲ್ಲಿ ಐನೂರಕ್ಕೂ ಹೆಚ್ಚು. ಹಾಗಾಗಿ ಮೇರಿಲ್ಯಾಂಡಿಗೆ ಹೋಗುವವರು ಡಿಸ್ಟ್ರಿಕ್ಟಿಗಿಂತ ಅದರೊಳಗಿನ ಶಾಲೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕು. ನ್ಯೂಜೆರ್ಸಿಯಲ್ಲಿ ಒಂದು ರಸ್ತೆ ದಾಟಿದರೆ ಡಿಸ್ಟ್ರಿಕ್ಟೇ ಬದಲಾಗಿರಬಹುದು.

ಊರಿನ ಗಡಿಗೂ ಡಿಸ್ಟ್ರಿಕ್ಟಿನ ಗಡಿಗೂ ಹೊಂದಿಕೆ ಇರಲೇಬೇಕೆಂದಿಲ್ಲ. ಕನ್ನಡಿಗರು ಬಹಳ ಇರುವ ಡಾಲಸ್ ಸುತ್ತಮುತ್ತಲನ್ನೇ ನೋಡಿ. ಫ್ರಿಸ್ಕೋ ನಗರದ ಕೆಲವು ಮನೆಗಳು ಲೂಯಿಸ್‌ವಿಲ್, ಲಿಟಲ್ ಎಲ್ಮ್, ಪ್ರಾಸ್ಪರ್ ಡಿಸ್ಟ್ರಿಕ್ಟುಗಳಿಗೆ ಸೇರಿವೆ. ಅದೇ ಹೊತ್ತಿಗೆ ಪ್ಲೇನೋ, ಮೆಕಿನ್ನಿ ನಗರಗಳ ಕೆಲವು ಭಾಗ ಫ್ರಿಸ್ಕೋ ಐಎಸ್‌ಡಿಯಲ್ಲಿದೆ (ಟೆಕ್ಸಾಸ್‌ನಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿಗೆ ಐಎಸ್‌ಡಿ ಎನ್ನುತ್ತಾರೆ). ಅರ್ವಿಂಗ್ ನಗರದ ವ್ಯಾಲಿ ರ‍್ಯಾಂಚ್ ಬಡಾವಣೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಕಾಪೆಲ್ ಐಎಸ್‌ಡಿಗೆ ಸೇರಿದರೆ ಇನ್ನೊಂದು ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚಿಗೆ. ಸಿಯಾಟಲ್ ಹತ್ತಿರದ ಸಮಾಮಿಶ್ ಊರು ಲೇಕ್ ವಾಷಿಂಗ್ಟನ್ ಮತ್ತು ಇಸಾಕ್ವಾ ಡಿಸ್ಟ್ರಿಕ್ಟುಗಳ ನಡುವೆ ಹಂಚಿಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತೊಡಕು: ಕೆಲವು ಕಡೆ ಎಂಟನೇ ತರಗತಿವರೆಗೆ ಒಂದು ಡಿಸ್ಟ್ರಿಕ್ಟ್, ಒಂಬತ್ತರಿಂದ ಮತ್ತೊಂದು. ಕುಪರ್ಟಿನೋದಲ್ಲಿ ಪ್ರಾಥಮಿಕ ಮತ್ತು ಮಿಡ್ಲ್ ಸ್ಕೂಲು ಕುಪರ್ಟಿನೋ ಯೂನಿಯನ್‌ದು, ಹೈಸ್ಕೂಲು ಮೇಲೆ ಹೇಳಿದ ಫ್ರೀಮಾಂಟ್ ಯೂನಿಯನ್‌ದು.

ಡಿಸ್ಟ್ರಿಕ್ಟ್ ಸಿಕ್ಕಿದ ಮೇಲೂ ಒಳಗೆ ಇನ್ನೊಂದು ಗಡಿ ಇದೆ. ಪ್ರತಿ ಶಾಲೆಗೂ ಅದರದೇ ವಲಯ. ಬಾಡಿಗೆ ಜಾಹೀರಾತಿನಲ್ಲಿ 'ಟಾಪ್ ರೇಟೆಡ್ ಸ್ಕೂಲ್ಸ್' ಎಂದು ಬರೆದಿದ್ದನ್ನು ನಂಬಬೇಡಿ, ಝಿಲೋ ಎಂಬ ಮನೆ ಹುಡುಕುವ ತಾಣದಲ್ಲಿ ಮನೆಯ ವಿವರದ ಕೆಳಗೆ ಕಾಣುವ ಶಾಲೆಯ ಹೆಸರನ್ನೂ ಪೂರ್ತಿ ನಂಬಬೇಡಿ. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ವಿಳಾಸ ಹಾಕಿದರೆ ಶಾಲೆ ತೋರಿಸುವ ಪುಟ ಸಾಮಾನ್ಯವಾಗಿ ಇರುತ್ತದೆ. ಮನೆ ಸಂಖ್ಯೆ ಸಮೇತ ಹಾಕಿ ನೋಡಿ. ಅನುಮಾನವಿದ್ದರೆ ಡಿಸ್ಟ್ರಿಕ್ಟ್ ಕಚೇರಿಗೆ ಇಮೇಲ್ ಬರೆದು ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕರಾರಿಗೆ ಸಹಿ ಹಾಕುವ ಮೊದಲು ಆಗಬೇಕಾದ ಕೆಲಸ ಇದು.

ಇಷ್ಟೊಂದು ಗಡಿಗಳ ಹಿಂದೆ ದುಡ್ಡಿನ ವಿಚಾರವಿದೆ. ಒಟ್ಟಾರೆ ದೇಶದಲ್ಲಿ ಶಾಲೆಯ ಖರ್ಚನ್ನು ರಾಜ್ಯ ಮತ್ತು ಸ್ಥಳೀಯ ಆಡಳಿತ ಹೆಚ್ಚುಕಡಿಮೆ ಸಮನಾಗಿ ಹೊರುತ್ತವೆ, ಕೇಂದ್ರದ ಪಾಲು ಸಣ್ಣದು. ಸ್ಥಳೀಯ ಪಾಲಿನ ದೊಡ್ಡ ಭಾಗ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗಳ ಬೆಲೆ ಹೆಚ್ಚಿರುವ ಕಡೆ ಕಡಿಮೆ ದರದ ತೆರಿಗೆಯೂ ದೊಡ್ಡ ಮೊತ್ತ ತರುತ್ತದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಎಡ್ಜ್‌ವುಡ್ ಎಂಬ ಬಡ ಡಿಸ್ಟ್ರಿಕ್ಟಿನ ಪಾಲಕರು ಇದು ಅನ್ಯಾಯ ಎಂದು ಕೋರ್ಟಿಗೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತು. 1973ರಲ್ಲಿ ಆ ಕೋರ್ಟು 5-4ರ ಅಂತರದಲ್ಲಿ, ಈ ಅಸಮಾನತೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಆಮೇಲೆ ಜಗಳ ರಾಜ್ಯಗಳ ಕೋರ್ಟುಗಳಿಗೆ ಸಾಗಿತು. ಟೆಕ್ಸಾಸ್ 1993ರಿಂದ ಶ್ರೀಮಂತ ಡಿಸ್ಟ್ರಿಕ್ಟುಗಳ ತೆರಿಗೆಯ ಒಂದು ಪಾಲನ್ನು ಕಿತ್ತು ಬೇರೆಡೆ ಹಂಚುತ್ತಿದೆ. ಜನ ಅದನ್ನು ರಾಬಿನ್ ಹುಡ್ ಕಾನೂನು ಎಂದೇ ಕರೆಯುತ್ತಾರೆ. ನ್ಯೂಜೆರ್ಸಿಯಲ್ಲಿ ಕೋರ್ಟಿನ ಆದೇಶದಿಂದಾಗಿ ಬಡ ನಗರಗಳ ಶಾಲೆಗಳಿಗೆ ರಾಜ್ಯದ ಹಣ ಧಾರಾಳವಾಗಿ ಹೋಗುತ್ತದೆ. ಹೀಗಾಗಿ ತಲಾ ಖರ್ಚು ಎಷ್ಟು ಎಂಬ ಒಂದೇ ಅಂಕಿಯಿಂದ ಶಾಲೆಯ ಗುಣ ತಿಳಿಯುವುದಿಲ್ಲ.

ಒಳ್ಳೆಯ ಅಂಕದ ಶಾಲೆಯ ವಲಯದಲ್ಲಿ ಮನೆ ದುಬಾರಿ ಎಂಬುದು ಬರೀ ಮಾತಲ್ಲ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ ಶಾಲಾ ವಲಯದ ಗಡಿಯ ಈಚೆಬದಿ, ಆಚೆಬದಿಯ ಮನೆಗಳನ್ನು ಹೋಲಿಸಿದರು. ಪರೀಕ್ಷೆಯ ಅಂಕ ಶೇ 5ರಷ್ಟು ಹೆಚ್ಚಿದ್ದ ಬದಿಯಲ್ಲಿ ಮನೆಗೆ ಸುಮಾರು ಶೇ 2.5ರಷ್ಟು ಹೆಚ್ಚು ಕೊಡಲು ಜನ ತಯಾರಿದ್ದರು ಎಂದು 1999ರಲ್ಲಿ ಬರೆದರು. ಬಾಡಿಗೆದಾರರಿಗೆ ಇದರಲ್ಲಿ ಒಂದು ಅನುಕೂಲವಿದೆ. ಅದೇ ವಲಯದ ಎರಡು ಬೆಡ್‌ರೂಮಿನ ಬಾಡಿಗೆ ಅಪಾರ್ಟ್‌ಮೆಂಟಿನ ಮಗುವಿಗೂ ಪಕ್ಕದ ದೊಡ್ಡ ಬಂಗಲೆಯ ಮಗುವಿಗೂ ಶಾಲೆಯಲ್ಲಿ ಸಮಾನ ಹಕ್ಕು. ಹೊಸದಾಗಿ ಹೋದವರು ಮೊದಲ ವರ್ಷವೇ ಮನೆ ಕೊಳ್ಳಲು ಹೊರಡುವುದಕ್ಕಿಂತ ಬಾಡಿಗೆಯಲ್ಲಿದ್ದು ಶಾಲೆಯನ್ನು ಒಳಗಿನಿಂದ ನೋಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಈಗ ರೇಟಿಂಗಿಗೆ ಬರೋಣ. ಅಮೆರಿಕಕ್ಕೆ ಹೊರಟ ಯಾರ ವಾಟ್ಸ್ಆ್ಯಪ್ ನೋಡಿದರೂ 'ಅದು ಹತ್ತಕ್ಕೆ ಹತ್ತು ಸ್ಕೂಲು' ಎಂಬ ಮಾತು ಇರುತ್ತದೆ. ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆ ಒಂದರಿಂದ ಹತ್ತರವರೆಗೆ ಕೊಡುವ ಅಂಕ ಅದು. ಮನೆ ಮಾರಾಟದ ತಾಣಗಳು ಅದನ್ನೇ ತೋರಿಸುತ್ತವೆ. ನಿಶ್ ಎಂಬ ಇನ್ನೊಂದು ತಾಣ ಎ ಪ್ಲಸ್, ಎ, ಬಿ ಎಂದು ಶ್ರೇಣಿ ಕೊಡುತ್ತದೆ. ಇವುಗಳ ಹಿಂದಿರುವ ಮುಖ್ಯ ಸರಕು ರಾಜ್ಯ ನಡೆಸುವ ಪರೀಕ್ಷೆಗಳ ಫಲಿತಾಂಶ. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಕನಿಷ್ಠ ಒಮ್ಮೆ ಗಣಿತ ಮತ್ತು ಇಂಗ್ಲಿಷ್ ಪರೀಕ್ಷೆ ನಡೆಸಬೇಕೆಂದು ಕೇಂದ್ರದ ಕಾನೂನೇ ಹೇಳುತ್ತದೆ.

ತಂದೆತಾಯಿ ಇಬ್ಬರೂ ಎಂಜಿನಿಯರುಗಳಾಗಿದ್ದು, ಸಂಜೆ ಕುಮಾನ್ ಟ್ಯೂಷನ್, ಶನಿವಾರ ರಷ್ಯನ್ ಮ್ಯಾಥ್ ಎಂಬ ಗಣಿತದ ಟ್ಯೂಷನ್, ಮನೆ ತುಂಬ ಪುಸ್ತಕ ಇರುವ ಮಕ್ಕಳೇ ಒಂದು ಶಾಲೆಯಲ್ಲಿ ತುಂಬಿದ್ದರೆ ಅದಕ್ಕೆ ಹತ್ತು ಅಂಕ ಬರದೆ ಇನ್ನೇನು? ಅದನ್ನು ಶಾಲೆಯ ಹೆಗ್ಗಳಿಕೆ ಎನ್ನುವುದು ವಿಶ್ವೇಶ್ವರಯ್ಯ ನಾಲೆಯ ಗದ್ದೆಯ ಇಳುವರಿ ನೋಡಿ ರೈತನ ಜಾಣ್ಮೆ ಅಳೆದ ಹಾಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದ ಡಿಸ್ಟ್ರಿಕ್ಟುಗಳ ಪರೀಕ್ಷಾ ಫಲಿತಾಂಶಗಳನ್ನೆಲ್ಲ ಒಂದೆಡೆ ಸೇರಿಸಿ ಲೆಕ್ಕ ಹಾಕಿದರು. ಮಕ್ಕಳ ಸರಾಸರಿ ಅಂಕಕ್ಕೂ ಕುಟುಂಬಗಳ ಆದಾಯ, ಓದು, ಸ್ಥಿತಿಗತಿಗೂ ಬಹಳ ಗಟ್ಟಿ ನಂಟು ಕಂಡಿತು. ಆದರೆ ಮಕ್ಕಳು ಮೂರನೇ ತರಗತಿಯಿಂದ ಎಂಟನೇ ತರಗತಿಗೆ ಬರುವಷ್ಟರಲ್ಲಿ ಎಷ್ಟು ಕಲಿತರು ಎಂದು ಅಳೆದಾಗ ಆ ನಂಟು ಬಹುಮಟ್ಟಿಗೆ ಸಡಿಲವಾಯಿತು. ಬಡ ಮಕ್ಕಳೇ ಹೆಚ್ಚಿರುವ, ಸುದ್ದಿಯಲ್ಲಿ ಸದಾ ಬೈಸಿಕೊಳ್ಳುವ ಷಿಕಾಗೋ ನಗರದ ಶಾಲೆಗಳಲ್ಲಿ ಮಕ್ಕಳು ಆ ಐದು ವರ್ಷಗಳಲ್ಲಿ ಆರು ವರ್ಷದಷ್ಟು ಪ್ರಗತಿ ತೋರಿಸಿದ್ದರು. ದೊಡ್ಡ ಡಿಸ್ಟ್ರಿಕ್ಟುಗಳಲ್ಲಿ ಅದಕ್ಕಿಂತ ವೇಗವಾಗಿ ಸಾಗಿದವು ಸಿಗುವುದೇ ಕಷ್ಟ. 2017ರಲ್ಲಿ ಬಂದ ಈ ಲೆಕ್ಕ ನೋಡಿ ಷಿಕಾಗೋದವರೇ ಬೆರಗಾದರು.

ಹಾಗಾದರೆ ಏನನ್ನು ಓದಬೇಕು? ಪ್ರತಿ ರಾಜ್ಯವೂ ಪ್ರತಿ ಶಾಲೆಯ ವರದಿಪಟ್ಟಿಯನ್ನು ಸಾರ್ವಜನಿಕವಾಗಿ ಇಡಬೇಕೆಂದು 2015ರ ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಬಣ್ಣಗಳಲ್ಲಿ, ಟೆಕ್ಸಾಸ್‌ನಲ್ಲಿ ಎ ಇಂದ ಎಫ್‌ವರೆಗಿನ ಶ್ರೇಣಿಯಲ್ಲಿ, ನ್ಯೂಜೆರ್ಸಿಯಲ್ಲಿ ಉದ್ದನೆಯ ವರದಿಯಾಗಿ ಸಿಗುತ್ತದೆ. ಅದರಲ್ಲಿ ಪ್ರಗತಿಯ ಅಂಕಿ ಇದ್ದರೆ ಮೊದಲು ಅದನ್ನು ನೋಡಿ. ಆಮೇಲೆ ವರ್ಷದ ಶೇ 10 ಅಥವಾ ಅದಕ್ಕಿಂತ ಹೆಚ್ಚು ದಿನ ಗೈರಾಗುವ ಮಕ್ಕಳು ಎಷ್ಟು ಎಂಬುದನ್ನು ನೋಡಿ. ಮಕ್ಕಳು ಶಾಲೆಗೆ ಬರಲು ಬಯಸುತ್ತಾರೋ ಇಲ್ಲವೋ ಎಂಬುದರ ಒಳ್ಳೆಯ ಸುಳಿವು ಅದು. ನಾನಾದರೆ ಇನ್ನೊಂದು ಸಾಲನ್ನು ತಪ್ಪದೆ ನೋಡುತ್ತೇನೆ: ಆ ಶಾಲೆಯ ಬಡ ಕುಟುಂಬಗಳ ಮಕ್ಕಳ ಫಲಿತಾಂಶ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳು ಏನು ಕಲಿತಿದ್ದಾರೋ ಅದನ್ನು ಬಹುತೇಕ ಶಾಲೆಯೇ ಕಲಿಸಿದ್ದು. ಎಂಟು ಅಂಕದ ಶಾಲೆಯಲ್ಲಿ ಈ ಸಾಲು ಚೆನ್ನಾಗಿದ್ದು ಹತ್ತು ಅಂಕದ ಶಾಲೆಯಲ್ಲಿ ಕಳಪೆಯಾಗಿದ್ದರೆ, ತಿಂಗಳಿಗೆ ನೂರಾರು ಡಾಲರ್ ಹೆಚ್ಚು ಬಾಡಿಗೆ ಕೊಟ್ಟು ಹತ್ತರ ಹಿಂದೆ ಓಡಲು ನನಗೆ ಕಾರಣ ಕಾಣುವುದಿಲ್ಲ.

ಹತ್ತು ಅಂಕದ ಶಾಲೆಗೆ ಬೆಲೆಯೂ ಇದೆ, ಅದು ಬಾಡಿಗೆಯೊಂದೇ ಅಲ್ಲ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಡಿಸ್ಟ್ರಿಕ್ಟಿನಲ್ಲಿ ಭಾರತೀಯ, ಚೀನೀ ಮೂಲದ ಮಕ್ಕಳು ಬಹಳ. 2015ರಲ್ಲಿ ಅಲ್ಲಿನ ಸೂಪರಿಂಟೆಂಡೆಂಟ್, ಮಕ್ಕಳ ಮೇಲಿನ ಒತ್ತಡ ಮಿತಿಮೀರಿದೆ ಎಂದು ಪಾಲಕರಿಗೆ ದೀರ್ಘ ಪತ್ರ ಬರೆದರು. ಹೈಸ್ಕೂಲಿನ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳನ್ನು ತೆಗೆದುಹಾಕಿದರು. ಪಾಲಕರು ಎರಡು ಪಾಳಯವಾದರು; ಪಠ್ಯವನ್ನು ಸಡಿಲಗೊಳಿಸುತ್ತಿದ್ದಾರೆ ಎಂದು ಗುಡುಗಿದವರಲ್ಲಿ ನಮ್ಮ ಕಡೆಯವರು ಕಡಿಮೆ ಇರಲಿಲ್ಲ. ಟೆಕ್ಸಾಸ್‌ನಲ್ಲಿ ಲೆಕ್ಕ ಇನ್ನೂ ನೇರ. 1997ರ ಕಾನೂನಿನ ಪ್ರಕಾರ ಹೈಸ್ಕೂಲಿನ ತರಗತಿಯಲ್ಲಿ ಮೊದಲ ಶೇ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿ ಪ್ರವೇಶ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ಗೆ ಮಾತ್ರ ಈ ಮಿತಿ ಬಿಗಿ, 2026ರಿಂದ ಮೊದಲ ಶೇ 5. ಎಲ್ಲರೂ ಜಾಣರೇ ಆಗಿರುವ ಶಾಲೆಯಲ್ಲಿ ಆ ಶೇ 5ರೊಳಗೆ ನುಗ್ಗುವುದು, ಸಾಧಾರಣ ಎನಿಸಿಕೊಂಡ ಪಕ್ಕದ ಡಿಸ್ಟ್ರಿಕ್ಟಿನಲ್ಲಿ ನುಗ್ಗುವುದಕ್ಕಿಂತ ಎಷ್ಟೋ ಕಷ್ಟ. ಕಾಲೇಜಿಗಾಗಿಯೇ ದುಬಾರಿ ವಲಯಕ್ಕೆ ಹೋದವರಿಗೆ ಈ ಕಾನೂನು ತಿರುಗಿ ಹೊಡೆಯಬಹುದು.

ಮಗುವಿನ ವಯಸ್ಸಿಗೆ ತಕ್ಕಂತೆ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ. ಚಿಕ್ಕ ಮಕ್ಕಳ ವಿಷಯದಲ್ಲಿ ಮೊದಲನೆಯದು ವಯಸ್ಸಿನ ಗಡುವು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು, ಆಗ ಕಿಂಡರ್‌ಗಾರ್ಟನ್. ನ್ಯೂಯಾರ್ಕ್ ನಗರದಲ್ಲಿ ಡಿಸೆಂಬರ್ 31ರ ಲೆಕ್ಕ. 2019ರ ನವೆಂಬರಿನಲ್ಲಿ ಹುಟ್ಟಿದ ಮಗು 2025ರಲ್ಲಿ ನ್ಯೂಯಾರ್ಕ್ ನಗರಕ್ಕೆ ಹೋದರೆ ಒಂದನೇ ತರಗತಿ, ಡಾಲಸಿಗೆ ಹೋದರೆ ಕಿಂಡರ್‌ಗಾರ್ಟನ್. ಇಲ್ಲಿ ಯುಕೆಜಿ ಮುಗಿಸಿದ ಮಗುವನ್ನು ಮತ್ತೆ ಕೂರಿಸುತ್ತಾರೆ ಎಂದು ಅಜ್ಜ-ಅಜ್ಜಿ ಕೊರಗಬಹುದು. ಹೊಸ ದೇಶದಲ್ಲಿ ಆ ಒಂದು ವರ್ಷ ನಷ್ಟವೇನಲ್ಲ.

ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ಗಣಿತದ ದಾರಿ ಮುಖ್ಯ. ನಮ್ಮಲ್ಲಿ ಬೀಜಗಣಿತ, ರೇಖಾಗಣಿತ ಒಂದೇ ಪುಸ್ತಕದಲ್ಲಿ ಬೆರೆತು ಬರುತ್ತವೆ. ಅಲ್ಲಿ ಸಾಮಾನ್ಯವಾಗಿ ಆಲ್ಜೀಬ್ರಾ 1, ಜಿಯೋಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕ್ಯುಲಸ್ ಎಂದು ವರ್ಷಕ್ಕೊಂದು. ಹನ್ನೆರಡನೆಯದರಲ್ಲಿ ಕ್ಯಾಲ್ಕ್ಯುಲಸ್ ಮುಟ್ಟಬೇಕಾದರೆ ಎಂಟನೆಯದರಲ್ಲೇ ಆಲ್ಜೀಬ್ರಾ ಆಗಿರಬೇಕು. ಎಲ್ಲ ಡಿಸ್ಟ್ರಿಕ್ಟುಗಳೂ ಅದನ್ನು ಕೊಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ 2014ರಲ್ಲಿ ಎಂಟನೇ ತರಗತಿಯ ಆಲ್ಜೀಬ್ರಾವನ್ನು ಕೈಬಿಟ್ಟಿತು; ಹತ್ತು ವರ್ಷದ ಮೇಲೆ ಅಲ್ಲಿನ ಮತದಾರರೇ ಅದನ್ನು ಮರಳಿ ತರಬೇಕೆಂದು ಮತ ಹಾಕಿದರು. ಸೇರಿಸುವಾಗ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ (ಮಗು ಯಾವ ಹಂತದ ಗಣಿತಕ್ಕೆ ಸೇರಬೇಕು ಎಂದು ತಿಳಿಯುವ ಪರೀಕ್ಷೆ) ಕೊಡಿ ಎಂದು ಬಾಯಿಬಿಟ್ಟು ಕೇಳಿ, ತಾವಾಗಿ ಕರೆದು ಕೊಡುವವರು ಕಡಿಮೆ. ಹೈಸ್ಕೂಲಿನ ಮಕ್ಕಳಾದರೆ ಒಂಬತ್ತನೇ ತರಗತಿಯಿಂದಲೇ ಅಂಕಗಳು ಕಾಲೇಜಿಗೆ ಲೆಕ್ಕವಾಗುತ್ತವೆ. ಎಸ್ಸೆಸ್ಸೆಲ್ಸಿ ಒಂದೇ ಸಾಲದು, ಒಂಬತ್ತನೆಯ ಅಂಕಪಟ್ಟಿಯನ್ನೂ ಶಾಲೆಯ ಮೊಹರು ಹಾಕಿಸಿ ಒಯ್ಯಿರಿ, ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ.

ದಾಖಲಾತಿಯ ಅರ್ಜಿಯಲ್ಲಿ ಮನೆಭಾಷೆ ಯಾವುದು ಎಂಬ ಪ್ರಶ್ನೆ ಬರುತ್ತದೆ. 'ಕನ್ನಡ ಎಂದು ಬರೆಯಬೇಡಿ, ಮಗುವನ್ನು ಇಂಗ್ಲಿಷ್ ಬಾರದವರ ತರಗತಿಗೆ ಹಾಕುತ್ತಾರೆ' ಎಂದು ಹಿತೈಷಿಗಳು ಹೆದರಿಸುತ್ತಾರೆ. ನಿಜ ಬರೆಯಿರಿ. ಬರೆದರೆ ಮಗುವಿಗೆ ಇಂಗ್ಲಿಷಿನ ಒಂದು ಸಣ್ಣ ಪರೀಕ್ಷೆ ಆಗುತ್ತದೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಬಹಳಷ್ಟು ಮಂದಿ ಅಲ್ಲೇ ಪಾಸಾಗುತ್ತಾರೆ. ಪಾಸಾಗದಿದ್ದರೆ ಸಿಗುವ ಹೆಚ್ಚುವರಿ ಪಾಠ ಮಗುವಿನ ಹಕ್ಕು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಬೇರೂರಿದ ಹಕ್ಕು ಅದು. ಬೇಡವೆಂದರೆ ಪಾಲಕರು ನಿರಾಕರಿಸಲೂಬಹುದು.

ಮಾತು ತಡವಾದ, ಆಟಿಸಂ ಇರುವ, ಕಲಿಕೆಯ ತೊಂದರೆಯಿರುವ ಮಗು ಮನೆಯಲ್ಲಿದ್ದರೆ ಮೇಲಿನ ರೇಟಿಂಗ್ ಕಥೆಯನ್ನೆಲ್ಲ ಬದಿಗಿಡಿ. 1975ರ ಕೇಂದ್ರ ಕಾನೂನಿನ ಪ್ರಕಾರ ಇಂಥ ಮಗುವಿಗೆ ಬೇಕಾದ ಸೇವೆಯನ್ನು ಉಚಿತವಾಗಿ ಕೊಡುವ ಹೊಣೆ ಡಿಸ್ಟ್ರಿಕ್ಟಿನದು. ಐಇಪಿ ಎಂಬ ಲಿಖಿತ ಯೋಜನೆ ಆಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಅಥವಾ ನಿಮ್ಹಾನ್ಸ್‌ನ ವರದಿಗಳಿದ್ದರೆ ಅಗತ್ಯ ಒಯ್ಯಿರಿ. ಆದರೆ ಡಿಸ್ಟ್ರಿಕ್ಟಿನವರು ತಮ್ಮದೇ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಗೆ ಕೋರಿಕೆಯನ್ನು ಬರಹದಲ್ಲೇ ಕೊಡಿ. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ ಕೇಂದ್ರದ ನಿಯಮದಂತೆ 60 ದಿನದೊಳಗೆ, ರಾಜ್ಯ ಬೇರೆ ಗಡುವು ಇಟ್ಟಿದ್ದರೆ ಅಷ್ಟು ದಿನದೊಳಗೆ ಪರೀಕ್ಷೆ ಮುಗಿಸಬೇಕು. ಮನೆ ಹಿಡಿಯುವ ಮೊದಲೇ ಡಿಸ್ಟ್ರಿಕ್ಟಿನ ವಿಶೇಷ ಶಿಕ್ಷಣ ವಿಭಾಗಕ್ಕೆ ಫೋನ್ ಮಾಡಿ, ನಮ್ಮ ಮಗುವಿಗೆ ಬೇಕಾದ ತರಗತಿ ನಮ್ಮ ವಲಯದ ಶಾಲೆಯಲ್ಲೇ ಇದೆಯೇ, ಬಸ್ಸಿನಲ್ಲಿ ಬೇರೆ ಶಾಲೆಗೆ ಕಳಿಸುತ್ತೀರಾ ಎಂದು ಕೇಳಿ. ಫೋನಿನ ಆಚೆ ಕಡೆಯವರು ಹೇಗೆ ಮಾತಾಡುತ್ತಾರೆ ಎಂಬುದೇ ಅರ್ಧ ಉತ್ತರ.

ಗಡಿಗಳು ಶಾಶ್ವತವಲ್ಲ ಎಂಬುದು ಮನೆ ಕೊಳ್ಳುವವರಿಗೆ ಮುಖ್ಯ. ಬೆಳೆಯುವ ಊರುಗಳಲ್ಲಿ ಹೊಸ ಶಾಲೆ ತೆರೆದಾಗಲೆಲ್ಲ ವಲಯಗಳನ್ನು ಮತ್ತೆ ಬರೆಯುತ್ತಾರೆ. ಶಾಲೆ ತುಂಬಿದ್ದರೆ ವಲಯದೊಳಗಿದ್ದರೂ ಹೊಸ ಮಗುವನ್ನು ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಶಾಲೆಗೆ ಕಳಿಸುವುದುಂಟು. ಹೆಸರಾದ ಕಡೆಗಳಲ್ಲಿ ಉಲ್ಟಾ ಸಮಸ್ಯೆ: ಮನೆ ಎಷ್ಟು ದುಬಾರಿಯಾಗಿದೆ ಎಂದರೆ ಚಿಕ್ಕ ಮಕ್ಕಳಿರುವ ಕುಟುಂಬಗಳು ಅಲ್ಲಿಗೆ ಬರಲಾಗದೆ ಶಾಲೆಗಳೇ ಖಾಲಿಯಾಗುತ್ತಿವೆ. ಕುಪರ್ಟಿನೋ ಯೂನಿಯನ್ 2022ರಲ್ಲಿ ಶಾಲೆಗಳನ್ನು ಮುಚ್ಚಿತು. ಪ್ಲೇನೋ ಐಎಸ್‌ಡಿ ನಾಲ್ಕು ಶಾಲೆ ಮುಚ್ಚಲು 2024ರಲ್ಲಿ ತೀರ್ಮಾನಿಸಿತು. ಶಾಲಾ ಮಂಡಳಿಯ ಸಭೆಗಳ ವಿಡಿಯೋ ಸಾಮಾನ್ಯವಾಗಿ ಜಾಲತಾಣದಲ್ಲಿರುತ್ತದೆ, ಇತ್ತೀಚಿನ ಎರಡು ನೋಡಿದರೆ ಗಾಳಿ ಯಾವ ಕಡೆ ಬೀಸುತ್ತಿದೆ ತಿಳಿಯುತ್ತದೆ. ಬಸ್ಸನ್ನೂ ವಿಚಾರಿಸಿ. ನ್ಯೂಜೆರ್ಸಿಯಲ್ಲಿ ಎಂಟನೇ ತರಗತಿವರೆಗಿನ ಮಗುವಿನ ಮನೆ ಶಾಲೆಗೆ ಎರಡು ಮೈಲಿಗಿಂತ ದೂರವಿದ್ದರೆ ಬಸ್ ಕೊಡಲೇಬೇಕು, ಕ್ಯಾಲಿಫೋರ್ನಿಯಾದ ಬಹಳ ಕಡೆ ಬಸ್ಸೇ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಶಾಲೆ ಬಿಟ್ಟ ಮೇಲಿನ ಆಫ್ಟರ್‌ಕೇರಿಗೆ ಕಾಯುವ ಪಟ್ಟಿ ಎಷ್ಟು ಉದ್ದವಿದೆ ಎಂಬುದು ರೇಟಿಂಗಿಗಿಂತ ದೊಡ್ಡ ಪ್ರಶ್ನೆ.

ಸೇರಿಸುವಾಗ ಕೇಳುವ ಕಾಗದಗಳು ಮಗುವಿನ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟು, ಹಿಂದಿನ ಶಾಲೆಯ ಟಿಸಿ ಮತ್ತು ಅಂಕಪಟ್ಟಿ, ವಿಳಾಸದ ಪುರಾವೆಯಾಗಿ ನಿಮ್ಮ ಹೆಸರಿನ ಬಾಡಿಗೆ ಕರಾರು ಮತ್ತು ಕರೆಂಟ್ ಬಿಲ್ಲು, ಲಸಿಕೆಯ ದಾಖಲೆ. ವೀಸಾ ಯಾವುದು ಎಂಬುದು ಶಾಲೆಗೆ ಬೇಕಿಲ್ಲ. ವಲಸೆಯ ಸ್ಥಿತಿ ನೋಡಿ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ವರ್ಷದ ಮಧ್ಯದಲ್ಲಿ ಹೋದರೂ ಸೇರಿಸಿಕೊಳ್ಳುತ್ತಾರೆ. ಒಂದು ಎಚ್ಚರ: ಒಳ್ಳೆಯ ಡಿಸ್ಟ್ರಿಕ್ಟಿನಲ್ಲಿರುವ ಅಣ್ಣನ ಮನೆಯದೋ ಗೆಳೆಯನ ಮನೆಯದೋ ವಿಳಾಸ ಕೊಡುವ ಯೋಚನೆ ಬೇಡ. ತನ್ನ ತಂದೆಯ ವಿಳಾಸ ಕೊಟ್ಟು ಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟಿಗೆ ಸೇರಿಸಿದ್ದಕ್ಕೆ ಒಹಾಯೋದ ತಾಯಿಯೊಬ್ಬರು 2011ರಲ್ಲಿ ಜೈಲಿಗೆ ಹೋಗಬೇಕಾಯಿತು. ವೀಸಾದ ಮೇಲಿರುವವರಿಗೆ ಅಂಥ ಕೇಸು ಇನ್ನೂ ಭಾರ.

ಇದೆಲ್ಲದರಲ್ಲಿ ಊರಿನಲ್ಲೇ ಮುಗಿಸಿಕೊಳ್ಳಬಹುದಾದದ್ದು ಲಸಿಕೆ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ದಡಾರ ಮತ್ತು ರುಬೆಲ್ಲಾ ಇದೆ, ಮಂಗನಬಾವು ಇಲ್ಲ, ಸಿಡುಬಿನಂಥ ಗುಳ್ಳೆಗಳ ಚಿಕನ್‌ಪಾಕ್ಸ್ ಲಸಿಕೆಯೂ ಇಲ್ಲ. ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಎರಡನ್ನೂ ಕೇಳುತ್ತವೆ. ಖಾಸಗಿಯಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಹಾಕಿಸಿದ್ದರೂ ಒಂಬತ್ತನೇ ತಿಂಗಳಿನ ಡೋಸನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗುವಿಗೆ ಒಂದು ವರ್ಷ ತುಂಬಿದ ಮೇಲಿನದು ಮಾತ್ರ. ಬಿಸಿಜಿ ಹಾಕಿಸಿಕೊಂಡ ಮಕ್ಕಳಿಗೆ ಕ್ಷಯದ ಚರ್ಮ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸುವುದುಂಟು. ಪರೀಕ್ಷೆ ಕೇಳುವ ಕಡೆ ರಕ್ತದ ಪರೀಕ್ಷೆ ಮಾಡಿ ಎಂದು ಹೇಳಬಹುದು. ಎಂಎಂಆರ್‌ನ ಎರಡು ಡೋಸ್‌ಗಳ ನಡುವೆ ಕನಿಷ್ಠ 28 ದಿನ ಇರಬೇಕು. ಹಾಗಾಗಿ ಟಿಕೆಟ್ ಬುಕ್ ಮಾಡಿದ ವಾರವೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಹಳೆಯ ಲಸಿಕಾ ಪುಸ್ತಕದಲ್ಲಿರುವುದನ್ನು ತಾರೀಖು ಸಮೇತ ಇಂಗ್ಲಿಷಿನಲ್ಲಿ ಬರೆಸಿ, ಸಹಿ-ಮೊಹರು ಹಾಕಿಸಿಕೊಂಡು ಬನ್ನಿ.